ನೀರಿನ ಮೇಲಿದ್ದೂ ಕಾದ ಎಂಜಿನ್

ಕಡಲ ಮೇಲೆ ಓಡುವ ಯಂತ್ರ ಬಿಸಿಯಾಗಿ ನಿಂತಿತು ಎಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ‘ಸುತ್ತಲೂ ನೀರೇ ಇದೆಯಲ್ಲೋ ಮಾರಾಯ, ಬಿಸಿ ಎಲ್ಲಿಂದ ಬಂತು?’ ಎಂದು ಹೊನ್ನಾವರದ ನಮ್ಮ ಭಾವ ಫೋನಿನಲ್ಲೇ ನಕ್ಕಿದ್ದರು. ನವಿ ಮುಂಬೈಯಲ್ಲಿ ದೋಣಿ ಎಂಜಿನ್ ದುರಸ್ತಿ ಮಾಡುತ್ತ 14 ವರ್ಷ ಕಳೆದ ನನಗೆ ಇಂಥ ಕೇಸು ಹೊಸದಲ್ಲ. ಆದರೆ ಕಳೆದ ಬೇಸಿಗೆಯಲ್ಲಿ ಬಂದ ಒಂದು ಯಂತ್ರದ ಜೊತೆ ಒಬ್ಬ ಹುಡುಗನ ಸಂಬಳವೂ ತೂಗುತ್ತಿತ್ತು.

ಅದು ನಿಂತು ಓಡಿಸುವ ಹಳೆಯ ಜೆಟ್ ಸ್ಕೀ. ಈಗ ಬೀಚುಗಳಲ್ಲಿ ಕಾಣುವ, ಸ್ಕೂಟರಿನಂತೆ ಕೂತು ಓಡಿಸುವ ಬಗೆಯದಲ್ಲ. ಕವಾಸಕಿ ಕಂಪನಿ 1973ರಲ್ಲಿ ಮಾರುಕಟ್ಟೆಗೆ ತಂದ ಮೊದಲ ಜೆಟ್ ಸ್ಕೀಗಳು ನಿಂತು ಓಡಿಸುವಂಥವೇ. ನಮ್ಮಲ್ಲಿಗೆ ಬಂದದ್ದು ಅದೇ ವಂಶದ 550. ಎರಡು ಸಿಲಿಂಡರಿನ, 531 ಸಿಸಿಯ ಟೂ ಸ್ಟ್ರೋಕ್ ಎಂಜಿನ್. ತಾಪ ತೋರಿಸುವ ಮೀಟರು ಅದರಲ್ಲಿಲ್ಲ. ಅಲಿಬಾಗ್ ಕಡೆಯ ಬೀಚೊಂದರಲ್ಲಿ ಐದು ನಿಮಿಷ ಜೋರಾಗಿ ಓಡಿಸಿದರೆ ಶಕ್ತಿ ಕುಂದಿ ನಿಲ್ಲುತ್ತಿತ್ತು. ಆರಿದ ಮೇಲೆ ಮತ್ತೆ ಸ್ಟಾರ್ಟ್ ಆಗುತ್ತಿತ್ತು.

ಮಾಲೀಕರು ಆಗಲೇ ತೀರ್ಪು ಕೊಟ್ಟಾಗಿತ್ತು. ವಿಜಯಪುರ ಕಡೆಯಿಂದ ಬಂದ ಹೆಲ್ಪರ್ ಹುಡುಗ ಪೆಟ್ರೋಲಿಗೆ ಆಯಿಲ್ ಕಡಿಮೆ ಬೆರೆಸಿದ್ದಾನೆ, ಪಿಸ್ಟನ್ ಕೆಟ್ಟಿದೆ, ಎಂಜಿನ್ ಬಿಚ್ಚಿ, ಖರ್ಚು ಅವನ ಸಂಬಳದಲ್ಲಿ ಮುರಿಯುತ್ತೇನೆ ಎಂದರು. ಹುಡುಗ ನನ್ನ ಕನ್ನಡ ಕೇಳಿದವನೇ ಹತ್ತಿರ ಬಂದ. ‘ಸರ್, ನಾ ಅಳತಿ ಮಾಡೇ ಹಾಕೀನ್ರಿ. ಲೀಟರಿಗೆ 20 ಎಂಎಲ್. ಯಾರೂ ನನ್ನ ಮಾತು ಕೇಳವಲ್ರು’ ಎಂದ. ಅವನ ಲೆಕ್ಕ ಸರಿಯಾಗಿಯೇ ಇತ್ತು. ಐವತ್ತಕ್ಕೆ ಒಂದು ಎಂಬುದೇ ಆ ಎಂಜಿನ್ನಿನ ಅಳತೆ.

ಈ ಯಂತ್ರಕ್ಕೆ ಕಾರಿನಂತೆ ರೇಡಿಯೇಟರ್ ಇಲ್ಲ. ಹಿಂದಿನ ಜೆಟ್ ಪಂಪು ನೀರನ್ನು ಹಿಂದಕ್ಕೆ ಚಿಮ್ಮಿಸಿ ಯಂತ್ರವನ್ನು ಮುಂದೂಡುತ್ತದೆ. ಅದೇ ಒತ್ತಡದ ಒಂದು ಪಾಲು ಸಣ್ಣ ಪೈಪಿನಲ್ಲಿ ಎಂಜಿನ್ನಿಗೆ ಹೋಗಿ, ಸಿಲಿಂಡರ್, ಹೆಡ್, ಎಕ್ಸಾಸ್ಟ್ ಸುತ್ತಿ ಹೊರಬೀಳುತ್ತದೆ. ಆ ಹರಿವು ತಗ್ಗಿದರೆ ಅಲ್ಯೂಮಿನಿಯಂ ಪಿಸ್ಟನ್ ತನ್ನ ಸುತ್ತಲಿನ ಕಬ್ಬಿಣದ ತೋಳಿಗಿಂತ ಹೆಚ್ಚು ಹಿಗ್ಗುತ್ತದೆ. ಅದೇ ಬಿಸಿಗೆ ಅಲ್ಯೂಮಿನಿಯಂ ಹಿಗ್ಗುವುದು ಕಬ್ಬಿಣದ ಸುಮಾರು ಎರಡರಷ್ಟು. ನಡುವಿನ ಕೂದಲೆಳೆಯ ಸಂದು ಮುಚ್ಚಿದರೆ ಎಂಜಿನ್ ಹಿಡಿದುಕೊಳ್ಳುತ್ತದೆ. ದಡದಿಂದ ದೂರದಲ್ಲಿ, ಇಳಿತದ ಹೊತ್ತಿನಲ್ಲಿ ಹಾಗಾದರೆ ಸವಾರನ ಗತಿಯೇನು?

ಬಿಚ್ಚುವ ಮೊದಲು ನೋಡಬೇಕಾದ್ದನ್ನು ನೋಡಿದೆವು. ಎರಡೂ ಪ್ಲಗ್‌ಗಳು ಕಾಫಿಪುಡಿಯ ಕಂದು ಬಣ್ಣದಲ್ಲಿದ್ದವು. ಪೆಟ್ರೋಲ್ ಸಾಲದೆ ಗಾಳಿ ಹೆಚ್ಚಾಗಿದ್ದರೆ ಬಿಳಿಚಿರುತ್ತಿದ್ದವು. ಕಂಪ್ರೆಷನ್ ಎರಡರಲ್ಲೂ ಸಮವಾಗಿತ್ತು. ಅಂದರೆ ಪಿಸ್ಟನ್ ಇನ್ನೂ ಗಟ್ಟಿ.

ಆಮೇಲೆ ನಲ್ಲಿಯ ಪೈಪು ಜೋಡಿಸಿ ಓಡಿಸಿದೆವು. ಇಲ್ಲೊಂದು ನಿಯಮ ಕಡ್ಡಾಯ. ಮೊದಲು ಎಂಜಿನ್, ನಂತರ ನೀರು. ನಿಲ್ಲಿಸುವಾಗ ಮೊದಲು ನೀರು, ನಂತರ ಎಂಜಿನ್. ತಪ್ಪಿದರೆ ಎಕ್ಸಾಸ್ಟ್ ದಾರಿಯಲ್ಲಿ ನೀರು ಸಿಲಿಂಡರಿಗೇ ನುಗ್ಗಬಹುದು. ನಲ್ಲಿ ನೀರಿನಲ್ಲಿ ಹೊರಬರುವ ಧಾರೆ ದಪ್ಪಗಿತ್ತು, ಹೆಡ್ ಮೇಲೆ ಅಂಗೈ ಇಡುವಷ್ಟು ತಂಪಿತ್ತು. ಕಡಲಿಗಿಳಿಸಿದರೆ ಅದೇ ಧಾರೆ ಎಳೆಯಾಯಿತು.

ಉತ್ತರ ಅಲ್ಲೇ ಇತ್ತು. ನಲ್ಲಿಯ ಪೈಪು ಸೇರುವ ಜಾಗ ಎಂಜಿನ್ನಿನ ಪಕ್ಕದಲ್ಲಿದೆ. ಅಲ್ಲಿಂದ ಮುಂದಿನ ದಾರಿ ಚೊಕ್ಕಟವಾಗಿದ್ದರೆ ಅಡಚಣೆ ಹಿಂದೆ, ಪಂಪಿಗೂ ಆ ಜಾಗಕ್ಕೂ ನಡುವೆ ಇರಲೇಬೇಕು. ಪಂಪಿನ ರೆಕ್ಕೆ ಸವೆದಿರಬಹುದೇ? ಹಾಗಾಗಿದ್ದರೆ ಯಂತ್ರದ ಓಟವೂ ತಗ್ಗಬೇಕಿತ್ತು. ತಣ್ಣಗಿದ್ದಾಗ ಅದು ಚೆನ್ನಾಗಿಯೇ ಚಿಮ್ಮುತ್ತಿತ್ತು. ಪಂಪಿನ ಬಾಯಿಯ ಸಣ್ಣ ಫಿಟ್ಟಿಂಗ್ ಕಳಚಿದಾಗ ಹೊಯ್ಗೆ, ಉಪ್ಪು, ಚಿಪ್ಪಿನ ಚೂರು ಸೇರಿ ಗಟ್ಟಿಯಾದ ಬೆಣೆ ಸಿಕ್ಕಿತು. ತಂತಿಯಿಂದ ಚುಚ್ಚಿ ತೆಗೆದು, ಆ ಪೈಪಿಗೆ ಎಂಜಿನ್ ಕಡೆಯಿಂದ ಪಂಪಿನ ಕಡೆಗೆ ತಿರುಗುಮುರುಗಾಗಿ ನೀರು ಹಾಯಿಸಿದೆವು. ಹಳೆಯ ಪೈಪನ್ನೂ ಬದಲಿಸಿದೆವು. ಮರುದಿನ ಕಾಲು ಗಂಟೆ ಓಡಿಸಿದರೂ ಹೆಡ್ ಬೆಚ್ಚಗಷ್ಟೇ ಇತ್ತು.

ಮಾಲೀಕರು ಹುಡುಗನಿಗೆ ಕ್ಷಮೆ ಕೇಳಲಿಲ್ಲ. ಆದರೆ ಸಂಬಳ ಮುರಿಯಲಿಲ್ಲ. ಪ್ರತಿ ಸಂಜೆ ಸಿಹಿನೀರಿನಲ್ಲಿ ಎಂಜಿನ್ ತೊಳೆಯುವ, ಪಂಪಿನ ಬಾಯಿ ನೋಡುವ ಕೆಲಸವನ್ನು ಅವನಿಗೇ ಒಪ್ಪಿಸಿದರು. ಪರಊರಿನಲ್ಲಿ ಏನೇ ಕೆಟ್ಟರೂ ಬೆರಳು ಮೊದಲು ತೋರುವುದು ಭಾಷೆ ಬಾರದ, ಹೊಸದಾಗಿ ಬಂದ ಕೆಲಸಗಾರನ ಕಡೆಗೆ. ಅದಕ್ಕೇ ಯಂತ್ರವನ್ನು ಕ್ರಮವಾಗಿ ಪರೀಕ್ಷಿಸುವುದು ಕೆಲಸದ ಜಾಣತನ ಮಾತ್ರವಲ್ಲ, ಒಬ್ಬರ ಅನ್ನದ ಪ್ರಶ್ನೆ ಕೂಡ.

ಕಾರವಾರ, ಮುರ್ಡೇಶ್ವರ, ಮಲ್ಪೆಯಲ್ಲಿ ಈ ರಜೆಗೆ ಜೆಟ್ ಸ್ಕೀ ಏರುವವರಿಗೆ ಒಂದು ಮಾತು. ಲೈಫ್ ಜಾಕೆಟ್ ಬಿಗಿದುಕೊಳ್ಳಿ. ತಣ್ಣೀರಿನ ಧಾರೆ ಹೊರಗೆ ಕಾಣುವ ಯಂತ್ರವಾದರೆ ಅದನ್ನೊಮ್ಮೆ ನೋಡಿ. ಧಾರೆ ಕ್ಷೀಣಿಸಿದರೆ, ಸುಟ್ಟ ರಬ್ಬರಿನ ವಾಸನೆ ಬಂದರೆ ವೇಗ ತಗ್ಗಿಸಿ ದಡಕ್ಕೆ ತಿರುಗಿ.