ಸ್ಪಾರ್ಕ್ ಪ್ಲಗ್ ಪರೀಕ್ಷೆ

ಸ್ಪಾರ್ಕ್ ಪ್ಲಗ್ ಪರೀಕ್ಷೆ ಎಂಬುದು ಪೆಟ್ರೋಲ್ ಎಂಜಿನ್ನಿನಿಂದ ಬಿಚ್ಚಿದ ಪ್ಲಗ್ಗಿನ ತುದಿಯ ಬಣ್ಣ, ಅದರ ಮೇಲೆ ಕುಳಿತ ಮಸಿ ಅಥವಾ ಎಣ್ಣೆ ಹಾಗೂ ವಿದ್ಯುದ್ವಾರಗಳ ಸವೆತವನ್ನು ಗಮನಿಸಿ ಎಂಜಿನ್ನಿನ ಒಳಗಿನ ಸ್ಥಿತಿಯನ್ನು ತಿಳಿಯುವ ವಿಧಾನವಾಗಿದೆ. ವೈದ್ಯರು ರೋಗಿಯ ನಾಲಿಗೆಯನ್ನು ನೋಡುವಂತೆ ಮೆಕ್ಯಾನಿಕ್ಕುಗಳು ಮೊದಲು ಪ್ಲಗ್ಗನ್ನು ನೋಡುತ್ತಾರೆ. ಸಿಲಿಂಡರಿನ ಒಳಗಿದ್ದು, ಉರಿಯನ್ನು ನೇರವಾಗಿ ಕಂಡು, ಒಂದು ಪಾನಾದಿಂದ ಸುಲಭವಾಗಿ ಹೊರಬರುವ ಭಾಗ ಇದೊಂದೇ. ಡೀಸೆಲ್ ಎಂಜಿನ್ನುಗಳಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲವಾದ್ದರಿಂದ ಟ್ರ್ಯಾಕ್ಟರು, ಲಾರಿಗಳಿಗೆ ಈ ವಿಧಾನ ಅನ್ವಯಿಸುವುದಿಲ್ಲ.

ರಚನೆ ಮತ್ತು ಉಷ್ಣಮಟ್ಟ

ಪ್ಲಗ್ಗಿನ ನಡುವೆ ಒಂದು ಲೋಹದ ಕಡ್ಡಿಯೂ ಅದರ ಸುತ್ತ ಪಿಂಗಾಣಿಯ ಹೊದಿಕೆಯೂ ಇರುತ್ತವೆ. ಹೊರಗಿನ ಉಕ್ಕಿನ ಕವಚದಿಂದ ಬಾಗಿ ಬಂದ ಮತ್ತೊಂದು ಕಡ್ಡಿಗೂ ನಡುಗಡ್ಡಿಗೂ ಮಧ್ಯೆ ಒಂದು ಮಿಲಿಮೀಟರಿಗಿಂತ ಕಡಿಮೆ ಅಂತರವಿದ್ದು, ಅಲ್ಲಿ ಕಿಡಿ ಹಾರುತ್ತದೆ. ಓದಬೇಕಾದುದು ಮುಖ್ಯವಾಗಿ ಪಿಂಗಾಣಿಯ ಮೂತಿಯನ್ನು.

ಈ ಮೂತಿಯ ಉಷ್ಣತೆ ಸುಮಾರು 450 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿದ್ದರೆ ಅದರ ಮೇಲೆ ಕುಳಿತ ಮಸಿ ತಾನಾಗಿಯೇ ಉರಿದುಹೋಗುತ್ತದೆ. ಅದಕ್ಕಿಂತ ಕಡಿಮೆಯಾದರೆ ಮಸಿ ಉಳಿದು, ವಿದ್ಯುತ್ತು ಕಿಡಿಯಾಗಿ ಹಾರುವ ಬದಲು ಮಸಿಯ ಮೂಲಕವೇ ಸೋರಿಹೋಗುತ್ತದೆ. ಸುಮಾರು 850 ಡಿಗ್ರಿಯನ್ನು ಮೀರಿದರೆ ಪ್ಲಗ್ಗಿನ ತುದಿಯೇ ಕೆಂಡವಾಗಿ, ಕಿಡಿ ಬರುವ ಮೊದಲೇ ಇಂಧನಕ್ಕೆ ಉರಿ ಹತ್ತುತ್ತದೆ. ಈ ಅಕಾಲದ ಉರಿಯಿಂದ ಪಿಸ್ಟನ್ನಿನ ತಲೆಯಲ್ಲಿ ತೂತು ಬೀಳುವುದುಂಟು. ಆದ್ದರಿಂದ ಪ್ರತಿ ಎಂಜಿನ್ನಿಗೂ ನಿರ್ದಿಷ್ಟ ಉಷ್ಣಮಟ್ಟದ ಪ್ಲಗ್ಗನ್ನು ತಯಾರಕರು ಸೂಚಿಸಿರುತ್ತಾರೆ. ಶಾಖವನ್ನು ಬೇಗ ಸಾಗಿಸುವುದು ‘ತಂಪು’ ಪ್ಲಗ್, ನಿಧಾನವಾಗಿ ಸಾಗಿಸುವುದು ‘ಬಿಸಿ’ ಪ್ಲಗ್.

ಅಂಗಡಿಯಲ್ಲಿ ಗೊಂದಲ ಹುಟ್ಟುವುದು ಇದರ ಸಂಖ್ಯೆಗಳಿಂದ. ಎನ್‌ಜಿಕೆ ಕಂಪನಿಯ ಪ್ಲಗ್ಗಿನಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಪ್ಲಗ್ ತಂಪು; ಬಾಷ್ ಕಂಪನಿಯ ಈಗಿನ ಕ್ರಮದಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಬಿಸಿ. ಬಾಷ್‌ನ ಹಳೆಯ ಕ್ರಮ ಇದಕ್ಕೆ ವಿರುದ್ಧವಾಗಿತ್ತು: ಆಗಿನ ಡಬ್ಲ್ಯು 225 ಈಗ ಡಬ್ಲ್ಯು 5, ಆಗಿನ ಡಬ್ಲ್ಯು 175 ಈಗ ಡಬ್ಲ್ಯು 7. ಒಂದು ಕಂಪನಿಯ ಅಂಕಿಯನ್ನು ಹಿಡಿದು ಮತ್ತೊಂದು ಕಂಪನಿಯ ಪ್ಲಗ್ ಕೊಳ್ಳುವುದು ಸಲ್ಲದು. ಸಮಾನ ಸಂಖ್ಯೆಯ ಪಟ್ಟಿಯನ್ನು ನೋಡಲೇಬೇಕು.

ಬಣ್ಣಗಳ ಅರ್ಥ

ಆರೋಗ್ಯವಂತ ಎಂಜಿನ್ನಿನ ಪಿಂಗಾಣಿ ತಿಳಿಕಂದು ಅಥವಾ ಬೂದುಮಿಶ್ರಿತ ಕಂದು ಬಣ್ಣದ್ದಾಗಿದ್ದು ಒಣಗಿರುತ್ತದೆ.

ಒಣಗಿದ, ಬೆರಳಿಗೆ ಹತ್ತುವ ಕಪ್ಪು ಮಸಿ ಇದ್ದರೆ ಗಾಳಿಗಿಂತ ಪೆಟ್ರೋಲ್ ಹೆಚ್ಚಾಗಿದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಇದೊಂದೇ ಕಾರಣವಲ್ಲ. ಗಾಳಿಯ ಫಿಲ್ಟರು ಕಟ್ಟಿಕೊಂಡಿರಬಹುದು, ಚೋಕ್ ಪೂರ್ತಿ ಮರಳದೆ ಉಳಿದಿರಬಹುದು, ಇಗ್ನಿಶನ್ ಕಾಯಿಲ್ ದುರ್ಬಲವಾಗಿ ಕಿಡಿ ಸಾಲದಿರಬಹುದು, ಪ್ಲಗ್ಗೇ ಅಗತ್ಯಕ್ಕಿಂತ ತಂಪಿನದಾಗಿರಬಹುದು. ಊರೊಳಗೆ ನಿಧಾನವಾಗಿ ಮಾತ್ರ ಓಡಾಡುವ ಗಾಡಿಯಲ್ಲಿ ಯಾವ ದೋಷವೂ ಇಲ್ಲದೆ ಮಸಿ ಕಟ್ಟುತ್ತದೆ. ಖರ್ಚಿಲ್ಲದ ಕಾರಣವನ್ನು ಮೊದಲು ನೋಡುವುದು ವಿವೇಕ: ಫಿಲ್ಟರು, ಬಳಿಕ ಚೋಕ್, ಕಟ್ಟಕಡೆಗೆ ಕಾರ್ಬುರೇಟರು. ರೂಢಿಯಲ್ಲಿ ಇದು ತಲೆಕೆಳಗಾಗಿದ್ದು, ಕಾರ್ಬುರೇಟರಿನ ತಿರುಪಿಗೆ ಮೊದಲು ಕೈ ಹೋಗುತ್ತದೆ.

ಒದ್ದೆಯಾದ, ಹೊಳೆಯುವ ಕಪ್ಪು ಎಣ್ಣೆಯದು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳೋ ವಾಲ್ವ್ ಗೈಡ್ ಮತ್ತು ಸೀಲುಗಳೋ ಸವೆದಿವೆ ಎಂಬುದಕ್ಕೆ ಇದು ಸೂಚನೆ. ಒದ್ದೆಯಾಗಿದ್ದು ಪೆಟ್ರೋಲಿನ ವಾಸನೆ ಬಂದರೆ ಅದು ಎಣ್ಣೆಯಲ್ಲ. ಕಿಡಿ ಬಾರದೆ ಇಂಧನ ಉರಿಯದೆ ಉಳಿದಿದೆ ಎಂದರ್ಥ.

ಸುಣ್ಣದಂತೆ ಬಿಳುಪಾದ, ಅಲ್ಲಲ್ಲಿ ಬೊಬ್ಬೆ ಎದ್ದ ಪಿಂಗಾಣಿ ಎಲ್ಲಕ್ಕಿಂತ ಅಪಾಯದ್ದು. ಪೆಟ್ರೋಲ್ ಸಾಲದಿರುವುದು, ಕಾರ್ಬುರೇಟರಿನ ಮುಂದಿನ ಗ್ಯಾಸ್ಕೆಟ್ಟಿನಲ್ಲಿ ಗಾಳಿ ಸೋರುವುದು, ಕಿಡಿಯ ಸಮಯ ಮುಂದಾಗಿರುವುದು, ಪ್ಲಗ್ ಅತಿ ಬಿಸಿಯದಾಗಿರುವುದು ಇದಕ್ಕೆ ಕಾರಣಗಳು. ಬಿಳುಪಿನ ಮೇಲೆ ಸಾಸಿವೆಗಿಂತ ಸಣ್ಣ ಬೆಳ್ಳಿಯ ಚುಕ್ಕೆಗಳು ಕಂಡರೆ ಅವು ಪಿಸ್ಟನ್ನಿನಿಂದ ಕರಗಿ ಸಿಡಿದ ಅಲ್ಯೂಮಿನಿಯಂ. ಕಪ್ಪು ಪ್ಲಗ್ಗಿನ ಗಾಡಿ ಹೇಗೋ ಕೆಮ್ಮುತ್ತ ಮನೆ ಸೇರಬಹುದು. ಈ ಚುಕ್ಕೆಗಳಿರುವ ಗಾಡಿಯನ್ನು ಮುಂದಕ್ಕೆ ಓಡಿಸಬಾರದು.

ಪಿಂಗಾಣಿಯ ಹೊರಭಾಗದಲ್ಲಿ ಕವಚದ ಅಂಚಿಗೆ ಕಾಣುವ ಕಂದು ಬಣ್ಣದ ಉಂಗುರವನ್ನು ಅನಿಲ ಸೋರಿಕೆಯೆಂದು ತಿಳಿದು ಒಳ್ಳೆಯ ಪ್ಲಗ್ಗುಗಳನ್ನು ಎಸೆಯುವವರಿದ್ದಾರೆ. ಅದು ಹೆಚ್ಚಾಗಿ ಅಧಿಕ ವಿದ್ಯುದೊತ್ತಡದಿಂದ ಆಕರ್ಷಿತವಾಗಿ ಅಂಟಿದ ಎಣ್ಣೆ, ಧೂಳುಗಳ ಕಲೆಯಷ್ಟೆ.

ಕಲಬುರಗಿ ಜಿಲ್ಲೆಯಲ್ಲಿ

ಸೇಡಂ, ಚಿತ್ತಾಪುರ, ವಾಡಿ ಹಾಗೂ ಶಹಾಬಾದ ಸೀಮೆಯು ಸುಣ್ಣದಕಲ್ಲಿನ ನೆಲ. ನೆಲಹಾಸಿನ ಕಲ್ಲಿನ ಗಣಿಗಳೂ ಸಿಮೆಂಟ್ ಕಾರ್ಖಾನೆಗಳೂ ಇಲ್ಲಿರುವುದರಿಂದ ರಸ್ತೆಯ ಧೂಳು ಹಿಟ್ಟಿನಷ್ಟು ನಯವಾದುದು. ಇಂಥ ಧೂಳಿನಲ್ಲಿ ಗಾಳಿಯ ಫಿಲ್ಟರು ಕೈಪಿಡಿಯಲ್ಲಿ ಹೇಳಿದ ಅವಧಿಗೆ ಮೊದಲೇ ಕಟ್ಟಿಕೊಳ್ಳುತ್ತದೆ. ಕಾರ್ಬುರೇಟರ್ ಇರುವ ಗಾಡಿಯ ಪ್ಲಗ್ ಕಪ್ಪಾಗುತ್ತದೆ. ಬೇಸಿಗೆಯಲ್ಲಿ ಗಾಳಿ ಕಾದು ತೆಳುವಾಗುವುದರಿಂದಲೂ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ತುಸು ಏರುತ್ತದೆ. ಫಿಲ್ಟರಿನ ಕಾಟ ತಾಳದೆ ಅದನ್ನು ಕಿತ್ತುಹಾಕಿ ಓಡಿಸಿದರೆ ಪ್ಲಗ್ಗಿನ ಬಣ್ಣವೇನೋ ತಿಳಿಯಾಗುತ್ತದೆ, ಆದರೆ ಒಳಹೊಕ್ಕ ಧೂಳು ಸಿಲಿಂಡರನ್ನೂ ರಿಂಗುಗಳನ್ನೂ ಉಜ್ಜಿ ಸವೆಸುತ್ತದೆ. ಕೆಲಕಾಲದ ನಂತರ ಅದೇ ಪ್ಲಗ್ ಎಣ್ಣೆಯಿಂದ ಒದ್ದೆಯಾಗಿ ಹೊರಬರುತ್ತದೆ.

ಈ ಜಿಲ್ಲೆ ತೊಗರಿಯ ಕಣಜವೆನಿಸಿದೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ತೊಗರಿ ಹೂವಾಡಿ ಕಾಯಿ ಕಟ್ಟುವಾಗ ಕಾಯಿಕೊರಕ ಹುಳುವಿಗೆ ಔಷಧ ಹೊಡೆಯಲು ಬೆನ್ನಿಗೆ ಹೊರುವ ಪೆಟ್ರೋಲ್ ಸ್ಪ್ರೇಯರುಗಳನ್ನು ಬಳಸುತ್ತಾರೆ. ಇವುಗಳಲ್ಲಿ ಬಹಳಷ್ಟು ಎರಡು ಸ್ಟ್ರೋಕಿನವಾಗಿದ್ದು, ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು. ಅಳತೆಯಿಲ್ಲದೆ ಅಂದಾಜಿನಲ್ಲಿ ಎಣ್ಣೆ ಸುರಿದರೆ ಪ್ಲಗ್ ಒದ್ದೆಯಾಗಿ ಯಂತ್ರ ಹೊಲದ ನಡುವೆ ನಿಲ್ಲುತ್ತದೆ. ಪ್ಲಗ್ ಬಿಚ್ಚಿ, ಒರೆಸಿ, ಒಣಗಿಸಿ ಹಾಕಿದರೆ ಕೆಲಸ ಮುಂದುವರಿಯಬಹುದು. ಎಣ್ಣೆ ಕಡಿಮೆಯಾದರೆ ಹಾಗಲ್ಲ: ಪ್ಲಗ್ಗಿನಲ್ಲಿ ಗುರುತು ಮೂಡುವ ಮೊದಲೇ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳಬಹುದು. ಹುಳು ಬಿದ್ದ ಹೊಲದಲ್ಲಿ ಯಂತ್ರ ನಿಂತ ದಿನಗಳ ನಷ್ಟವು ಪ್ಲಗ್ಗಿನ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು. ಚಿಂಚೋಳಿ ತಾಲೂಕಿನ ಕುಂಚಾವರಂ ಕಡೆಯ ಕಾಡುದಾರಿಗಳಲ್ಲಿ ಹೋಗುವವರು ಒಂದು ಹೆಚ್ಚುವರಿ ಪ್ಲಗ್ಗನ್ನೂ ಪಾನಾವನ್ನೂ ಜೊತೆಗಿಟ್ಟುಕೊಳ್ಳುವುದು ಒಳಿತು.

ಪರೀಕ್ಷಿಸುವ ಕ್ರಮ

ಎಂಜಿನ್ ತಣಿದ ಮೇಲೆಯೇ ಪ್ಲಗ್ ಬಿಚ್ಚಬೇಕು. ಬಿಸಿಯಿರುವಾಗ ಬಲವಂತ ಮಾಡಿದರೆ ಅಲ್ಯೂಮಿನಿಯಂ ಹೆಡ್ಡಿನ ಮರೆಗಳು ಕಿತ್ತುಬರಬಹುದು. ಬಿಚ್ಚುವ ಮೊದಲು ಸುತ್ತಲಿನ ಧೂಳನ್ನು ಊದಿ ತೆಗೆಯದಿದ್ದರೆ ಕಲ್ಲಿನ ಪುಡಿ ನೇರ ಸಿಲಿಂಡರಿಗೆ ಬೀಳುತ್ತದೆ.

ಮನೆಯ ಮುಂದೆ ಐದು ನಿಮಿಷ ಎಂಜಿನ್ ಓಡಿಸಿ ಪ್ಲಗ್ ನೋಡಿದರೆ ಕಾಣುವುದು ನಿಂತಲ್ಲೇ ಓಡಿದಾಗಿನ ಮಸಿ ಮಾತ್ರ. ವೇಗದ ಓಟದಲ್ಲಿನ ಮಿಶ್ರಣವನ್ನು ತಿಳಿಯಬೇಕಾದರೆ ಹೊಸ ಪ್ಲಗ್ ಹಾಕಿ, ಖಾಲಿ ರಸ್ತೆಯಲ್ಲಿ ಭಾರದೊಡನೆ ಓಡಿಸಿ, ಅದೇ ವೇಗದಲ್ಲಿ ಕ್ಲಚ್ ಹಿಡಿದು ಎಂಜಿನ್ ಆರಿಸಿ, ಗಾಡಿ ತಾನಾಗಿ ನಿಂತ ಬಳಿಕ ಪ್ಲಗ್ಗನ್ನು ನೋಡಬೇಕು. ಆಗ ಪಿಂಗಾಣಿಯ ಬುಡದಲ್ಲಿ, ಕವಚದ ಆಳದಲ್ಲಿ ಕಾಣುವ ತೆಳುವಾದ ಮಸಿಯ ಉಂಗುರವೇ ಮಿಶ್ರಣದ ನಿಜವಾದ ಗುರುತು. ಇದನ್ನು ನೋಡಲು ಭೂತಗನ್ನಡಿಯೂ ಒಳ್ಳೆಯ ಬೆಳಕೂ ಬೇಕು.

ಮರಳು ಕಾಗದದಿಂದ ಉಜ್ಜುವ ರೂಢಿ ಒಳ್ಳೆಯದಲ್ಲ. ಅದರ ಹರಳುಗಳು ಪಿಂಗಾಣಿಯ ಸಂದಿಯಲ್ಲಿ ಉಳಿಯುತ್ತವೆ. ತಂತಿಯ ಬ್ರಷ್ಷು ಪಿಂಗಾಣಿಯ ಮೇಲೆ ಲೋಹದ ಗೆರೆ ಬಿಟ್ಟು ವಿದ್ಯುತ್ತಿಗೆ ಅಡ್ಡದಾರಿ ಮಾಡಿಕೊಡುತ್ತದೆ.

ಕರ್ನಾಟಕದಲ್ಲಿ ಹಿನ್ನೆಲೆ

1951ರಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಿಂದ ಹೆಸರಾಯಿತು. ‘ಮೈಕೊ’ ಪ್ಲಗ್ ಎಂಬುದು ಒಂದು ಕಾಲದಲ್ಲಿ ಸ್ಪಾರ್ಕ್ ಪ್ಲಗ್ಗಿಗೆ ಇನ್ನೊಂದು ಹೆಸರೇ ಆಗಿತ್ತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದು ಬದಲಾಯಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಬೈಕುಗಳು ಎರಡು ಸ್ಟ್ರೋಕಿನವಾಗಿದ್ದುದರಿಂದ ಅವುಗಳ ಸವಾರರು ಪ್ಲಗ್ ಬಿಚ್ಚಿ ನೋಡುವುದನ್ನು ಅನಿವಾರ್ಯವಾಗಿ ಕಲಿತರು.

ಮಿತಿಗಳು

ಹಳೆಯ ಪುಸ್ತಕಗಳ ಬಣ್ಣದ ಚಿತ್ರಗಳು ಸೀಸ ಬೆರೆತ ಪೆಟ್ರೋಲಿನ ಕಾಲದವು. ಭಾರತದಲ್ಲಿ 2000ದ ಫೆಬ್ರುವರಿಯಿಂದ ಸೀಸರಹಿತ ಪೆಟ್ರೋಲ್ ಮಾತ್ರ ದೊರೆಯುತ್ತಿದ್ದು, ಪ್ಲಗ್ಗಿಗೆ ಕಂದು ಬಣ್ಣ ಬರಲು ಹೆಚ್ಚು ಕಾಲ ಹಿಡಿಯುತ್ತದೆ. ತುಸು ಬಿಳುಪು ಕಂಡೊಡನೆ ಗಾಬರಿಯಾಗಬೇಕಿಲ್ಲ. ಎಥನಾಲಿನಲ್ಲಿ ಆಮ್ಲಜನಕ ಇರುವುದರಿಂದ, ಎಥನಾಲ್ ಬೆರೆತ ಪೆಟ್ರೋಲನ್ನು ಹಳೆಯ ಕಾರ್ಬುರೇಟರಿನ ಗಾಡಿಗೆ ಹಾಕಿದಾಗ ಮಿಶ್ರಣದಲ್ಲಿ ಇಂಧನದ ಪಾಲು ಕುಗ್ಗಿ ಪ್ಲಗ್ ಇನ್ನಷ್ಟು ತಿಳಿಯಾಗುತ್ತದೆ. 2020ರ ಏಪ್ರಿಲಿನಲ್ಲಿ ಬಿಎಸ್ 6 ನಿಯಮ ಬಂದ ಮೇಲೆ ಹೆಚ್ಚಿನ ದ್ವಿಚಕ್ರ ವಾಹನಗಳಲ್ಲಿ ಇಂಧನವನ್ನು ಸೆನ್ಸಾರುಗಳೇ ಅಳೆಯುತ್ತವೆ. ಮಿಶ್ರಣದ ಸಣ್ಣ ದೋಷಗಳನ್ನು ಅವು ತಾವೇ ಸರಿದೂಗಿಸುವುದರಿಂದ ಪ್ಲಗ್ಗಿನಲ್ಲಿ ಸುಳಿವು ಸಿಗದಿರಬಹುದು. ರಿಂಗು, ವಾಲ್ವುಗಳ ಎಣ್ಣೆ ಸೋರಿಕೆಯ ಗುರುತು ಮಾತ್ರ ಇಂದಿಗೂ ಮೊದಲಿನಂತೆಯೇ ಕಾಣುತ್ತದೆ. ಎಂಜಿನ್ ಬಿಚ್ಚುವ ಮೊದಲು ಕಂಪ್ರೆಶನ್ ಅಳತೆಯಿಂದ ಅದನ್ನು ಖಚಿತಪಡಿಸಿಕೊಳ್ಳುತ್ತಾರೆ.