ಮುಷ್ಟಿಯುದ್ಧ ವೀರ ಜೋ ಲೂಯಿಸ್

ನಮ್ಮ ನಾಡಿನಲ್ಲಿ ಕುಸ್ತಿಯ ಪೈಲ್ವಾನರಿಗೆ ಸಲ್ಲುವ ಮನ್ನಣೆ ಅಮೆರಿಕದಲ್ಲಿ ಮುಷ್ಟಿಯುದ್ಧದ ಪಟುಗಳಿಗೆ ಸಲ್ಲುತ್ತ ಬಂದಿದೆ. ಆದರೆ ಅಲ್ಲಿ ಅದು ಬರಿಯ ಆಟವಲ್ಲ, ದೊಡ್ಡ ವ್ಯಾಪಾರವೂ ಹೌದು. ಹಗ್ಗ ಕಟ್ಟಿದ ಅಂಕಣದಲ್ಲಿ ಕೈಗವಸು ತೊಟ್ಟ ಇಬ್ಬರು ಮೂರು ಮೂರು ನಿಮಿಷಗಳ ಸುತ್ತುಗಳಲ್ಲಿ ಗುದ್ದಾಡುತ್ತಾರೆ. ಬಿದ್ದವನು ಹತ್ತು ಎಣಿಸುವುದರೊಳಗಾಗಿ ಏಳದಿದ್ದರೆ ಸೋತಂತೆ. ಹೊರಗೆ ಟಿಕೆಟ್ಟಿನ ಹಣ ರಾಶಿ ಬೀಳುತ್ತದೆ. ಆ ರಾಶಿ ಯಾರ ಕೈ ಸೇರುತ್ತದೆ ಎಂಬ ಪ್ರಶ್ನೆಯೇ ನನ್ನನ್ನು ಜೋ ಲೂಯಿಸನ ಜೀವನದ ಕಡೆಗೆ ಸೆಳೆಯಿತು.

ಜೋಸೆಫ್ ಲೂಯಿಸ್ ಬ್ಯಾರೋ 1914ನೆಯ ಇಸವಿ ಮೇ 13ರಂದು ಅಮೆರಿಕದ ದಕ್ಷಿಣದ ಅಲಬಾಮಾ ಸಂಸ್ಥಾನದಲ್ಲಿ, ಕಪ್ಪು ಜನಾಂಗದ ಬಡ ಒಕ್ಕಲು ಮನೆತನದಲ್ಲಿ ಜನಿಸಿದನು. ಆತನ ಹಿರಿಯರು ಗುಲಾಮಗಿರಿಯನ್ನು ಕಂಡವರು. ಗುಲಾಮಗಿರಿ ಹೋದ ಮೇಲೆ ಅಲ್ಲಿ ಬಂದುದು ಪಾಲಿನ ಬೇಸಾಯ. ಭೂಮಿ ಧಣಿಯದು, ದುಡಿಮೆ ಒಕ್ಕಲಿನದು. ಬೀಜಕ್ಕೂ ಹೊಟ್ಟೆಗೂ ಕೊಟ್ಟ ಸಾಲವನ್ನು ಧಣಿ ತನ್ನ ಪುಸ್ತಕದಲ್ಲಿ ಬರೆದಿಟ್ಟು, ಹತ್ತಿ ಬಿಡಿಸಿದ ಮೇಲೆ ಮುರಿದುಕೊಳ್ಳುತ್ತಿದ್ದನು. ಓದು ಬಾರದ ಒಕ್ಕಲಿಗೆ ಆ ಪುಸ್ತಕದಲ್ಲಿ ಏನಿದೆಯೆಂದು ಕೇಳುವ ದಾರಿಯೇ ಇರಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎನ್ನುವ ಗಾದೆ ಅಲ್ಲಿ ಅರ್ಧ ಮಾತ್ರ ನಿಜವಾಗಿತ್ತು. ಕೈ ಒಬ್ಬರದು, ಬಾಯಿ ಇನ್ನೊಬ್ಬರದು.

ಜೋ ಎರಡು ವರ್ಷದ ಮಗುವಾಗಿದ್ದಾಗ ತಂದೆ ಹುಚ್ಚಾಸ್ಪತ್ರೆ ಸೇರಿದನು. ತಾಯಿ ಲಿಲ್ಲಿ ಮರುಮದುವೆಯಾದಳು. 1926ರಲ್ಲಿ ಸಂಸಾರ ಉತ್ತರದ ಡೆಟ್ರಾಯಿಟ್ ನಗರಕ್ಕೆ ವಲಸೆ ಹೋಯಿತು. ಅಲ್ಲಿ ಹುಡುಗ ಕೈಕಸುಬಿನ ಶಾಲೆಗೆ ಸೇರಿ ಮರಗೆಲಸ ಕಲಿತನು. ಪಿಟೀಲು ಪಾಠಕ್ಕೆಂದು ತಾಯಿ ಕೊಟ್ಟ ಹಣವನ್ನು ಆತ ಮುಷ್ಟಿಯುದ್ಧದ ಕಲಿಕೆಗೆ ಖರ್ಚು ಮಾಡಿದನೆಂಬ ಕಥೆ ಪ್ರಸಿದ್ಧವಾಗಿದೆ. 1934ರ ಜುಲೈ 4ರಂದು ಶಿಕಾಗೋದಲ್ಲಿ ವೃತ್ತಿಪಟುವಾಗಿ ಮೊದಲ ಪಂದ್ಯವನ್ನು ಮೊದಲ ಸುತ್ತಿನಲ್ಲೇ ಗೆದ್ದಾಗ ಆತನಿಗೆ ದೊರೆತುದು 59 ಡಾಲರು. ಕೈಯಲ್ಲಿ ಹಣ ಆಡತೊಡಗಿದೊಡನೆ, ಬಡತನದ ದಿನಗಳಲ್ಲಿ ಸಂಸಾರಕ್ಕೆ ಸರಕಾರದಿಂದ ದೊರೆತಿದ್ದ ಸಹಾಯಧನವನ್ನು ಆತ ಹಿಂದಿರುಗಿಸಿದನು. ಆ ಹಣ ಕೊಡೆಂದು ಯಾರೂ ಕೇಳಿರಲಿಲ್ಲ.

1936ರ ಜೂನ್‌ನಲ್ಲಿ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗನು ಲೂಯಿಸನನ್ನು ಹನ್ನೆರಡನೆಯ ಸುತ್ತಿನಲ್ಲಿ ನೆಲಕ್ಕೆ ಕೆಡವಿದನು. ವೃತ್ತಿಪಟುವಾಗಿ ಲೂಯಿಸನಿಗೆ ಇದು ಮೊದಲ ಸೋಲು. ಎಡಗೈ ಗುದ್ದಿದ ಮೇಲೆ ಆತ ಅದನ್ನು ಕೆಳಗೆ ಇಳಿಬಿಡುವುದನ್ನು ಶ್ಮೆಲಿಂಗ್ ಮೊದಲೇ ಗಮನಿಸಿದ್ದನು. ಲೂಯಿಸ್ ಆ ದೋಷವನ್ನು ತಿದ್ದಿಕೊಂಡನು. 1937ರ ಜೂನ್ 22ರಂದು ಜೇಮ್ಸ್ ಬ್ರ್ಯಾಡಕ್‌ನನ್ನು ಎಂಟನೆಯ ಸುತ್ತಿನಲ್ಲಿ ಸೋಲಿಸಿ ಹೆವಿವೇಟ್ ಜಗಜ್ಜೆಟ್ಟಿಯಾದನು. ಸರಿಯಾಗಿ ಒಂದು ವರ್ಷದ ಬಳಿಕ, 1938ರ ಜೂನ್ 22ರಂದು, ನ್ಯೂಯಾರ್ಕಿನಲ್ಲಿ ಶ್ಮೆಲಿಂಗನೊಡನೆ ಮತ್ತೆ ಕಾದಿದನು. ಹಿಟ್ಲರನ ಆಳ್ವಿಕೆಯ ಕಾಲವಾದುದರಿಂದ ಆ ಪಂದ್ಯ ಇಬ್ಬರು ಮನುಷ್ಯರ ಕಾಳಗವಾಗಿ ಉಳಿಯದೆ ಎರಡು ದೇಶಗಳ ಮಾನದ ಪ್ರಶ್ನೆಯಾಯಿತು. ಅದು ಮುಗಿಯಲು ಹಿಡಿದುದು 2 ನಿಮಿಷ 4 ಸೆಕೆಂಡು. ತನ್ನ ಊರಿನಲ್ಲಿ ಬಿಳಿಯರ ಪಕ್ಕ ಕುಳಿತು ಊಟ ಮಾಡಲಾಗದ ಮನುಷ್ಯನನ್ನು ಅಂದು ಇಡೀ ಅಮೆರಿಕ ತನ್ನವನೆಂದು ಹೊಗಳಿತು.

1949ರ ಮಾರ್ಚ್‌ನಲ್ಲಿ ತಾನಾಗಿ ನಿವೃತ್ತನಾಗುವವರೆಗೆ, 11 ವರ್ಷ 8 ತಿಂಗಳ ಕಾಲ ಕಿರೀಟ ಆತನಲ್ಲೇ ಇತ್ತು. ಅದನ್ನು ಕಸಿಯಲು ನಡೆದ 25 ಯತ್ನಗಳೂ ವಿಫಲವಾದವು. ಹೆವಿವೇಟ್ ವರ್ಗದಲ್ಲಿ ಇದನ್ನು ಮೀರಿದವರು ಇಂದಿಗೂ ಇಲ್ಲ.

ಇನ್ನು ಲೆಕ್ಕದ ವಿಷಯ. ಪಂದ್ಯದಿಂದ ಬಂದ ಹಣದಲ್ಲಿ ಮೊದಲು ವ್ಯವಸ್ಥಾಪಕರು, ಪಂದ್ಯ ನಡೆಸುವವರು, ತರಬೇತುದಾರರು ತಮ್ಮ ತಮ್ಮ ಪಾಲು ಮುರಿದುಕೊಳ್ಳುತ್ತಿದ್ದರು. ಉಳಿದುದು ಲೂಯಿಸನಿಗೆ. ಆತ ಕೊಡುಗೈ ದೊರೆ. ಬಂಧುಗಳಿಗೆ, ಗೆಳೆಯರಿಗೆ, ಕೈಗೂಡದ ವ್ಯಾಪಾರಗಳಿಗೆ ಎಣಿಸದೆ ಸುರಿದನು. ಆತನಿಗೆ ಬಂದ ಕಷ್ಟದಲ್ಲಿ ಆತನ ಪಾಲೂ ಇತ್ತೆಂದು ಒಪ್ಪಲೇಬೇಕು. ಆದರೆ ಮುಂದೆ ನಡೆದುದು ಬೇರೆ. 1942ರ ಜನವರಿಯಲ್ಲಿ ಒಂದು ಪಂದ್ಯದಲ್ಲಿ ಗೆದ್ದ ಹಣವನ್ನು ಆತ ನೌಕಾದಳದ ಪರಿಹಾರ ನಿಧಿಗೆ ಕೊಟ್ಟನು. ಆಗ ನೌಕಾದಳಕ್ಕೆ ಹೊಸದಾಗಿ ಸೇರುವ ಕಪ್ಪು ಜನರಿಗೆ ಅಧಿಕಾರಿಗಳಿಗೆ ಊಟ ಬಡಿಸುವ ಕೆಲಸ ಮಾತ್ರ ಮೀಸಲಾಗಿತ್ತು! ಮಾರ್ಚ್‌ನಲ್ಲಿ ಇನ್ನೊಂದು ಪಂದ್ಯದ ಹಣವನ್ನು ಭೂಸೈನ್ಯದ ನಿಧಿಗೆ ಕೊಟ್ಟನು. ತಾನೂ ತಿಂಗಳಿಗೆ 21 ಡಾಲರಿನ ಸಾಮಾನ್ಯ ಸಿಪಾಯಿಯಾಗಿ ಸೈನ್ಯ ಸೇರಿದನು.

ಕೊಟ್ಟುದು ದಾನ. ಆದರೆ ತೆರಿಗೆಯವರು ಅದನ್ನು ಮೊದಲು ಆತನ ಆದಾಯವೆಂದು ಎಣಿಸಿ ತೆರಿಗೆ ಹಾಕಿದರು. ಅಮೆರಿಕದಲ್ಲಿ ಆದಾಯದ ಮೇಲಣ ತೆರಿಗೆಯ ಅತ್ಯುಚ್ಚ ದರ 1944ರಲ್ಲಿ ಶೇಕಡ 94 ಇತ್ತು. ಬಾಕಿಯ ಮೇಲೆ ಬಡ್ಡಿ, ಬಡ್ಡಿ ತೀರಿಸಲು ಪಂದ್ಯ, ಆ ಪಂದ್ಯದ ಗಳಿಕೆಯ ಮೇಲೆ ಮತ್ತೆ ತೆರಿಗೆ. ಸಾಲ ಹತ್ತು ಲಕ್ಷ ಡಾಲರನ್ನು ಮೀರಿತು. ನಿವೃತ್ತನಾದವನು ಹಣಕ್ಕಾಗಿ ಅಂಕಣಕ್ಕೆ ಮರಳಿದನು. 1950ರಲ್ಲಿ ಎಜರ್ಡ್ ಚಾರ್ಲ್ಸ್ ಆತನನ್ನು ಸೋಲಿಸಿದನು. 1951ರ ಅಕ್ಟೋಬರಿನಲ್ಲಿ ಯುವಕ ರಾಕಿ ಮಾರ್ಸಿಯಾನೋ ಎಂಟನೆಯ ಸುತ್ತಿನಲ್ಲಿ ಹಗ್ಗದ ಆಚೆಗೆ ಬೀಳುವಂತೆ ಗುದ್ದಿದನು. ಬಳಿಕ ಜಗಜ್ಜೆಟ್ಟಿಯಾಗಿದ್ದವನು ಹೊಟ್ಟೆಪಾಡಿಗೆ ಪ್ರದರ್ಶನದ ಕುಸ್ತಿಗೂ ಇಳಿದನು. ಕೊನೆಯ ವರ್ಷಗಳಲ್ಲಿ ಲಾಸ್ ವೇಗಾಸಿನ ಒಂದು ಜೂಜುಮನೆಯಲ್ಲಿ ಬಂದವರನ್ನು ಕೈಕುಲುಕಿ ಸ್ವಾಗತಿಸುವುದೇ ಆತನ ಉದ್ಯೋಗವಾಗಿತ್ತು.

ಪಾಲಿಗೆ ದುಡಿದ ತಂದೆ ಧಣಿಯ ಪುಸ್ತಕವನ್ನು ಓದಲಾರದವನು. ಲೋಕವನ್ನೇ ಗೆದ್ದ ಮಗ ತನ್ನ ಗಳಿಕೆಯ ಪುಸ್ತಕವನ್ನು ಪರರಿಗೆ ಒಪ್ಪಿಸಿದವನು. ಎರಡು ತಲೆಮಾರಿನಲ್ಲೂ ಲೆಕ್ಕ ಬೇರೆಯವರ ಕೈಯಲ್ಲಿತ್ತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನ ತಂದೆಯವರು ಕಾಗದಕ್ಕೆ ಹೆಬ್ಬೆಟ್ಟು ಒತ್ತುವವರು. ಮೈಯಲ್ಲಿ ಕಸುವಿದ್ದೂ ಕಾಗದದ ಮುಂದೆ ಅಳುಕುವುದೆಂದರೇನು ಎಂಬುದನ್ನು ನಾನು ಹತ್ತಿರದಿಂದ ಬಲ್ಲೆ. ನಮ್ಮಂಥವರ ಪಾಲಿಗೆ ವಿದ್ಯೆಯ ಮೊದಲ ಪ್ರಯೋಜನ ಕೆಲಸ ಸಿಗುವುದಲ್ಲ, ನಮ್ಮ ಲೆಕ್ಕವನ್ನು ನಾವೇ ಓದಬಲ್ಲೆವೆಂಬ ಧೈರ್ಯ.

ಲೂಯಿಸ್ 1981ರ ಏಪ್ರಿಲ್ 12ರಂದು ತೀರಿಕೊಂಡನು. ಅಧ್ಯಕ್ಷ ರೇಗನ್ ನಿಯಮ ಸಡಿಲಿಸಿ ಆತನಿಗೆ ಆರ್ಲಿಂಗ್ಟನ್ನಿನ ಸೈನಿಕ ಸ್ಮಶಾನದಲ್ಲಿ ಜಾಗ ಕೊಡಿಸಿದರು. ಅಂತ್ಯಕ್ರಿಯೆಯ ವೆಚ್ಚಕ್ಕೆ ನೆರವಾದವರಲ್ಲಿ ಒಬ್ಬನು, ಕಾಲಾಂತರದಲ್ಲಿ ಆಪ್ತಮಿತ್ರನಾಗಿದ್ದ ಮ್ಯಾಕ್ಸ್ ಶ್ಮೆಲಿಂಗ್. ದೇಶ ಬಾಕಿ ಕೇಳಿತು. ಎದುರಾಳಿ ಋಣ ತೀರಿಸಿದನು.