ಎದೆಯಲ್ಲಿ ಗಡ್ಡೆ, ರಕ್ತದಲ್ಲಿ ಸಕ್ಕರೆ ಕುಸಿತ

ಬೆಳಗಿನ ಜಾವ ಎಷ್ಟು ಕೂಗಿದರೂ ಏಳುವುದಿಲ್ಲ. ಮೈಯೆಲ್ಲ ತಣ್ಣನೆಯ ಬೆವರು, ಮಾತು ತೊದಲು, ಮನೆಯವರ ಗುರುತೂ ಹತ್ತದಷ್ಟು ಮಂಕು. ಬೆರಳು ಚುಚ್ಚಿ ನೋಡಿದರೆ ಸಕ್ಕರೆಯ ಅಂಶ ಡೆಸಿಲೀಟರಿಗೆ 40 ಮಿಲಿಗ್ರಾಂ ಕೂಡ ಇಲ್ಲ. ಗ್ಲುಕೋಸ್ ಏರಿಸಿದ ಸ್ವಲ್ಪ ಹೊತ್ತಿಗೇ ಎದ್ದು ಕೂತು ಮಾತಾಡುತ್ತಾರೆ. ತುರ್ತು ಚಿಕಿತ್ಸೆಯ ವೈದ್ಯರಿಗೆ ಇದು ಹೊಸದಲ್ಲ. ಶುಗರ್ ಮಾತ್ರೆ ನುಂಗಿ ಊಟ ಬಿಟ್ಟವರು, ಇನ್ಸುಲಿನ್ ಹೆಚ್ಚಾಗಿ ಚುಚ್ಚಿಕೊಂಡವರು ಹೀಗೆ ಬರುತ್ತಲೇ ಇರುತ್ತಾರೆ. ಆದರೆ ಮಧುಮೇಹವೇ ಇಲ್ಲದ, ಅಂಥ ಒಂದು ಮಾತ್ರೆಯನ್ನೂ ಕಾಣದ ಮನುಷ್ಯನಿಗೆ ಹೀಗಾದರೆ? ಮರುದಿನ ಬೆಳಗ್ಗೆ ಮತ್ತೆ ಅದೇ ಆದರೆ?

ಇಂಥವರಲ್ಲಿ ಕೆಲವೇ ಕೆಲವರ ಎದೆಯ ಎಕ್ಸ್-ರೇಯಲ್ಲಿ ಶ್ವಾಸಕೋಶವನ್ನು ಬದಿಗೊತ್ತಿ ಕೂತ ದೊಡ್ಡ ಗಡ್ಡೆಯೊಂದು ಕಾಣುತ್ತದೆ. ಅದರ ಹೆಸರು ಸಾಲಿಟರಿ ಫೈಬ್ರಸ್ ಟ್ಯೂಮರ್. ಅಂಗಗಳನ್ನು ಹಿಡಿದು ಆಧರಿಸುವ ನಾರಿನ ಅಂಗಾಂಶದ ಗಡ್ಡೆ ಇದು. ಸ್ನಾಯು, ಕೊಬ್ಬು, ನಾರುಗಳಂಥ ಮೃದು ಅಂಗಾಂಶಗಳ ಕ್ಯಾನ್ಸರುಗಳೇ ವಯಸ್ಕರ ಒಟ್ಟು ಕ್ಯಾನ್ಸರುಗಳಲ್ಲಿ ಶೇಕಡ 1ರಷ್ಟು. ಅವುಗಳಲ್ಲೂ ಈ ಗಡ್ಡೆ ಅಪರೂಪ: ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ. ಹೆಚ್ಚಾಗಿ ಶ್ವಾಸಕೋಶದ ಹೊದಿಕೆಯಲ್ಲಿ ಹುಟ್ಟುತ್ತದೆ. ಹೊಟ್ಟೆಯಲ್ಲಿ, ಮಿದುಳಿನ ಪೊರೆಯಲ್ಲೂ ಕಾಣಿಸಿಕೊಂಡದ್ದಿದೆ. ಬಹುಪಾಲು ಗಡ್ಡೆಗಳು ತೆಗೆದರೆ ಮುಗಿಯಿತು. ಕೆಲವು ಮಾತ್ರ ಉಗ್ರವಾಗಿ ಬೇರೆಡೆಗೆ ಹರಡುತ್ತವೆ. ನೋವಿಲ್ಲದೆ ನಿಧಾನವಾಗಿ ಬೆಳೆಯುವುದರಿಂದ ಹತ್ತು ಸೆಂಟಿಮೀಟರ್ ದಾಟಿದರೂ ರೋಗಿಗೆ ಸುಳಿವು ಸಿಗದೆ ಇರಬಹುದು. ಆಗ ಕೆಲವರಲ್ಲಿ ಕೆಮ್ಮು, ಉಬ್ಬಸಕ್ಕಿಂತ ಮೊದಲು ಸಕ್ಕರೆಯ ಕುಸಿತವೇ ಕಾಣಿಸಿಕೊಳ್ಳಬಹುದು.

ಎದೆಯ ಗಡ್ಡೆಗೂ ಸಕ್ಕರೆಯ ಕುಸಿತಕ್ಕೂ ನಂಟಿದೆ ಎಂಬುದು 1930ರಷ್ಟು ಹಿಂದೆಯೇ ವೈದ್ಯ ಪತ್ರಿಕೆಗಳಲ್ಲಿ ದಾಖಲಾಯಿತು. ಆ ವರ್ಷ ಅದನ್ನು ಬರೆದ ಅಮೆರಿಕದ ವೈದ್ಯರಾದ ಕಾರ್ಲ್ ಡೋಗಿ ಮತ್ತು ರಾಯ್ ಪಾಟರ್ ಅವರ ಹೆಸರಲ್ಲೇ ಇದನ್ನು ಡೋಗಿ-ಪಾಟರ್ ಸಿಂಡ್ರೋಮ್ ಎನ್ನುತ್ತಾರೆ. ಈ ಗಡ್ಡೆ ಇರುವವರಲ್ಲೂ ಶೇಕಡ 5ಕ್ಕಿಂತ ಕಡಿಮೆ ಮಂದಿಗೆ ಇದು ಬರುತ್ತದೆ.

ಮಾತ್ರೆಯ ಕಾರಣವಿಲ್ಲದೆ ಸಕ್ಕರೆ ಕುಸಿದರೆ ವೈದ್ಯರ ಅನುಮಾನ ಮೇದೋಜೀರಕ ಗ್ರಂಥಿಯ ಮೇಲೂ ಹೋಗುತ್ತದೆ. ಅಲ್ಲಿನ ಸಣ್ಣ ಗಡ್ಡೆಯೊಂದು ಇನ್ಸುಲಿನ್ ಸುರಿಸುತ್ತಿರಬಹುದು. ಆದರೆ ಈ ರೋಗಿಗಳ ರಕ್ತದಲ್ಲಿ ಇನ್ಸುಲಿನ್ ತೀರ ಕಡಿಮೆ. ಅದರ ಜೊತೆಗೇ ಹುಟ್ಟುವ ಸಿ-ಪೆಪ್ಟೈಡ್ ಕೂಡ ಕಡಿಮೆ. ಹಾಗಾದರೆ ಇನ್ಸುಲಿನ್ನಿನ ಕೆಲಸವನ್ನು ಮಾಡುತ್ತಿರುವುದು ಯಾವುದು?

ಉತ್ತರದ ದಾರಿ ತೋರಿಸಿದವರು ಅಮೆರಿಕದ ವಿಲಿಯಂ ಡಾಘಡೇ ಮತ್ತು ಸಂಗಡಿಗರು. ಲಿಯೋಮಯೋಸಾರ್ಕೋಮಾ ಎಂಬ ಮತ್ತೊಂದು ಮೃದು ಅಂಗಾಂಶದ ಕ್ಯಾನ್ಸರು ಐಜಿಎಫ್-2 ಎಂಬ ಹಾರ್ಮೋನನ್ನು ತಾನೇ ತಯಾರಿಸುತ್ತಿರುವುದನ್ನು ಅವರು 1988ರಲ್ಲಿ ತೋರಿಸಿದರು. ಗರ್ಭದಲ್ಲಿ ಮಗು ಬೆಳೆಯಲು ಬೇಕಾದ ಈ ಹಾರ್ಮೋನಿನ ರಚನೆ ಇನ್ಸುಲಿನ್ನಿಗೆ ಹತ್ತಿರದ್ದು. ಆರೋಗ್ಯವಂತರಲ್ಲಿ ಇದು ಎರಡು ಪ್ರೋಟೀನುಗಳಿಗೆ ಅಂಟಿ, ರಕ್ತನಾಳದ ಗೋಡೆ ದಾಟಲಾಗದಷ್ಟು ದೊಡ್ಡ ಜೋಡಣೆಯಾಗಿ ಒಳಗೇ ಉಳಿಯುತ್ತದೆ. ಸಾಲಿಟರಿ ಫೈಬ್ರಸ್ ಟ್ಯೂಮರ್ ಕೂಡ ಇದೇ ಹಾರ್ಮೋನನ್ನು ತಯಾರಿಸಬಲ್ಲದು, ಆದರೆ ಅರೆಬೆಂದ ರೂಪದಲ್ಲಿ. ಆ ರೂಪಕ್ಕೆ ಪ್ರೋಟೀನುಗಳ ಜೊತೆ ಸರಿಯಾಗಿ ಕೂಡಲು ಬರುವುದಿಲ್ಲ. ನಾಳದಿಂದ ಹೊರಬಂದು ಇನ್ಸುಲಿನ್ ಗ್ರಾಹಕಗಳನ್ನೇ ಚಾಲೂ ಮಾಡುತ್ತದೆ. ಸ್ನಾಯುಗಳು ಸಕ್ಕರೆ ಹೀರುತ್ತವೆ, ಯಕೃತ್ತು ಸಕ್ಕರೆ ಬಿಡುವುದನ್ನು ನಿಲ್ಲಿಸುತ್ತದೆ. ಕೊಬ್ಬು ಕರಗುವುದಕ್ಕೂ ತಡೆ ಬೀಳುವುದರಿಂದ ಉಪವಾಸದಲ್ಲಿ ಮಿದುಳನ್ನು ಕಾಯುವ ಕೀಟೋನುಗಳೂ ಹುಟ್ಟುವುದಿಲ್ಲ. ರಾತ್ರಿಯ ಊಟದ ನಂತರದ ದೀರ್ಘ ಬಿಡುವು ಮುಗಿಯುವ ಬೆಳಗಿನ ಜಾವದಲ್ಲೇ ಕಾಟ ಹೆಚ್ಚಾಗುವುದು ಇದರಿಂದ.

ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು ಇದರ ಹಿಂದಿನ ವಂಶವಾಹಿಯ ಕಥೆ. 12ನೇ ವರ್ಣತಂತುವಿನಲ್ಲಿ ನ್ಯಾಬ್2, ಸ್ಟ್ಯಾಟ್6 ಎಂಬ ಎರಡು ಜೀನ್‌ಗಳು ಅಕ್ಕಪಕ್ಕದಲ್ಲೇ ಇವೆ, ವಿರುದ್ಧ ದಿಕ್ಕಿಗೆ ಮುಖಮಾಡಿ. ಆ ತುಣುಕು ತಲೆಕೆಳಗಾಗಿ ಎರಡೂ ಬೆಸೆದುಕೊಂಡಾಗ ಈ ಗಡ್ಡೆ ಹುಟ್ಟುತ್ತದೆ ಎಂಬುದನ್ನು 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಅರುಳ್ ಚಿನ್ನಯ್ಯನ್ ಅವರ ತಂಡವೂ ಇತರರೂ ಪ್ರಕಟಿಸಿದರು. ನ್ಯಾಬ್2ರ ಸಹಜ ಕೆಲಸ ಇಜಿಆರ್1 ಎಂಬ ಪ್ರೋಟೀನನ್ನು ಹತೋಟಿಯಲ್ಲಿಡುವುದು. ಸ್ಟ್ಯಾಟ್6ರ ಬಾಲ ಅಂಟಿಕೊಂಡ ಮೇಲೆ, ಬ್ರೇಕ್ ತುಳಿದರೆ ಗಾಡಿ ಇನ್ನೂ ಜೋರಾಗಿ ಓಡಿದಂತೆ, ಅದೇ ನ್ಯಾಬ್2 ಇಜಿಆರ್1ನ್ನು ಕೆರಳಿಸತೊಡಗುತ್ತದೆ. ಇಜಿಆರ್1 ಎಬ್ಬಿಸುವ ಜೀನ್‌ಗಳಲ್ಲಿ ಐಜಿಎಫ್-2ರದ್ದೂ ಒಂದು. ಗಡ್ಡೆಯನ್ನು ಬೆಳೆಸುವ ತಪ್ಪೇ ರೋಗಿಯ ಪ್ರಜ್ಞೆಯನ್ನೂ ತಪ್ಪಿಸುತ್ತದೆ! ಈ ಶೋಧದಿಂದ ನೇರ ಪ್ರಯೋಜನವೂ ಆಯಿತು. ಜೀವಕೋಶದ ಕೇಂದ್ರದಲ್ಲಿ ಸ್ಟ್ಯಾಟ್6 ಇದೆಯೇ ಎಂದು ಬಣ್ಣ ಹಾಕಿ ನೋಡುವ ಪರೀಕ್ಷೆ ಇಂದು ಈ ಗಡ್ಡೆಯನ್ನು ಗುರುತಿಸಲು ರೋಗಶಾಸ್ತ್ರಜ್ಞರಿಗಿರುವ ಬಹುಮುಖ್ಯ ಸಾಧನ.

ಚಿಕಿತ್ಸೆ ಶಸ್ತ್ರಕ್ರಿಯೆ. ಅಲ್ಲಿಯವರೆಗೆ ಗ್ಲುಕೋಸ್ ಡ್ರಿಪ್, ಸ್ಟೀರಾಯ್ಡ್ ಕೊಟ್ಟು ಸಕ್ಕರೆಯನ್ನು ಕಾಪಾಡುತ್ತಾರೆ. ಗಡ್ಡೆ ಪೂರ್ತಿ ಹೊರಬಂದರೆ ಕುಸಿತ ಬೇಗನೆ ನಿಲ್ಲುತ್ತದೆ. ಹತ್ತು ವರ್ಷ ಕಳೆದ ಮೇಲೂ ಗಡ್ಡೆ ಮರಳುವುದುಂಟು. ಹಾಗಾಗಿ ತಪಾಸಣೆ ನಿಲ್ಲಿಸುವಂತಿಲ್ಲ.

ಬೆಳಗಿನ ಮಂಕು, ವಿಚಿತ್ರ ವರ್ತನೆಗಳನ್ನು ಫಿಟ್ಸ್ ಎಂದೋ ಮನೋರೋಗವೆಂದೋ ತಿಳಿದು ತಿಂಗಳುಗಟ್ಟಲೆ ಕಳೆಯುವ ಅಪಾಯ ಇಲ್ಲಿ ದೊಡ್ಡದು. ಮಧುಮೇಹದ ಔಷಧ ತೆಗೆದುಕೊಳ್ಳದ ನಿಮ್ಮ ಮನೆಯವರಿಗೆ ಹೀಗಾದರೆ ಆ ಗಳಿಗೆಯಲ್ಲೇ ಸಕ್ಕರೆ ಪರೀಕ್ಷಿಸಿ. ಎಚ್ಚರವಿದ್ದರೆ ಸಿಹಿ ಕೊಡಿ, ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸಕ್ಕರೆ ಕುಸಿದದ್ದು ಖಚಿತವಾದರೆ ಬರೀ ಗ್ಲುಕೋಸ್ ಏರಿಸಿ ಮನೆಗೆ ಕಳಿಸುವುದಕ್ಕೆ ಒಪ್ಪಬೇಡಿ. ಇನ್ಸುಲಿನ್, ಸಿ-ಪೆಪ್ಟೈಡ್ ಪರೀಕ್ಷೆ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಿ. ಅವೆರಡೂ ಕಡಿಮೆ ಬಂದರೆ ಎದೆ, ಹೊಟ್ಟೆಗಳ ಸ್ಕ್ಯಾನ್ ಬಗ್ಗೆಯೂ ಕೇಳಿ.